ಪದ ಬೇಕು: ಡೇಟಾ ರಿಕವರಿ, ಸಿಸ್ಟಮ್ ರಿಸ್ಟೋರ್ (ಅಂಗಡಿ ಬೋರ್ಡಿಗೆ, ತುರ್ತು)

ಗೆಳೆಯನೊಬ್ಬ ಬೆಂಗಳೂರಿನ ಎಸ್.ಪಿ. ರೋಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಡುತ್ತಿದ್ದಾನೆ. ಕನ್ನಡ ಭಾಷೆಯ ಕಾಯ್ದೆಗೆ 2024ರ ತಿದ್ದುಪಡಿ ಆದ ಮೇಲೆ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕಲ್ಲ. ಬರೆಯುವವನು ನಾಳೆ ಬೆಳಿಗ್ಗೆ ಬರುತ್ತಾನೆ. ಬೂಟ್ ಆಗದ ಕಂಪ್ಯೂಟರ್, ಡೇಟಾ ರಿಕವರಿ, ಸಿಸ್ಟಮ್ ರಿಸ್ಟೋರ್, ಇವಕ್ಕೆ ಏನನ್ನೋಣ? ನನಗೆ ಹೊಳೆದದ್ದು 'ದತ್ತಾಂಶ ಮರುಸ್ಥಾಪನೆ'. ರಿಕವರಿ, ರಿಸ್ಟೋರ್ ಎರಡಕ್ಕೂ ಇದೇ ಸಾಕಾ?

ಮರು: ಪದ ಬೇಕು

ಸಾಲದು. 'ಮರುಸ್ಥಾಪನೆ' ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ್ದು. ಸಂಸ್ಕೃತ ಬೇಕಿದ್ದರೆ 'ಪುನಃಸ್ಥಾಪನೆ' ಅನ್ನಿ, ಬೇಡದಿದ್ದರೆ ಅಚ್ಚಗನ್ನಡಕ್ಕೆ ಬನ್ನಿ. ಬೂಟು ಕಾಲಿಗೆ ಹಾಕುವಂಥದ್ದು. 'ಎಣ್ಣುಕ' ಇರುವಾಗ ಕಂಪ್ಯೂಟರ್ ಯಾಕೆ?

ಮರು: ಮರು: ಪದ ಬೇಕು

> 'ಮರುಸ್ಥಾಪನೆ' ಅರಿಸಮಾಸ.

'ಮರುಜನ್ಮ' ಅನ್ನುವಾಗ ಯಾರೂ ವ್ಯಾಕರಣ ಬರೆದ ಕೇಶಿರಾಜನನ್ನು ಕರೆಯುವುದಿಲ್ಲ. ಅದನ್ನು ಬಿಡಿ. ಎರಡಕ್ಕೂ ಒಂದೇ ಪದ ಮಾತ್ರ ಬೇಡವೇ ಬೇಡ. ರಿಕವರಿ ಅಂದರೆ ಕೆಟ್ಟ ಡಿಸ್ಕಿನಿಂದ ಗಿರಾಕಿಯ ಫೈಲು ಹೊರಗೆ ತರುವುದು. ರಿಸ್ಟೋರ್ ಅಂದರೆ ಯಂತ್ರ ಮತ್ತೆ ನಡೆಯುವ ಹಾಗೆ ಮಾಡುವುದು. ಎಷ್ಟೋ ಸಲ ಅದಕ್ಕೆ ಡಿಸ್ಕಿಗೆ ಫಾರ್ಮ್ಯಾಟ್ ಹೊಡೆದು, ಅಂದರೆ ಇದ್ದದ್ದನ್ನೆಲ್ಲ ಅಳಿಸಿ, ವಿಂಡೋಸನ್ನು ಹೊಸದಾಗಿ ಹಾಕುತ್ತಾರೆ. ಅಂಗಡಿಯವನು 'ಮರುಸ್ಥಾಪನೆ ಮಾಡಲಾ?' ಅಂತಾನೆ. ಫೈಲು ವಾಪಸ್ ಬರುತ್ತೆ ಅಂದುಕೊಂಡು ಗಿರಾಕಿ ಹೂಂ ಅಂತಾನೆ. ಮದುವೆ ಫೋಟೊ ಅಲ್ಲಿಗೆ ಮುಗೀತು.

ಕೆಲಸ ಗೊತ್ತಿರುವವರು ಆ ಡಿಸ್ಕಿನ ಮೇಲೆ ಏನನ್ನೂ ಬರೆಯುವುದಿಲ್ಲ. ಅದನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಹಾಕುತ್ತಾರೆ, ಇಲ್ಲ ಪೆನ್‌ಡ್ರೈವಿನಿಂದ ಉಬುಂಟು (ವಿಂಡೋಸಿನ ಬದಲು ಬಳಸುವ ಇನ್ನೊಂದು ವ್ಯವಸ್ಥೆ) ಎಬ್ಬಿಸಿ ಫೈಲು ನಕಲು ಮಾಡಿಕೊಳ್ಳುತ್ತಾರೆ. ಡಿಸ್ಕಿಗೆ ವಿಂಡೋಸಿನ ಬೀಗ ಬಿಟ್‌ಲಾಕರ್ ಇದ್ದರೆ 48 ಅಂಕಿಯ ಕೀ ಕೇಳುತ್ತೆ. ಡಿಸ್ಕ್ ಕಟಕಟ ಅಂದರೆ ಕರೆಂಟ್ ಆರಿಸಿ ಸುಮ್ನೆ ಇಡಬೇಕು. ಈ ಕೆಲಸ ಮಾಡುವವರು 'ದತ್ತಾಂಶ' ಅನ್ನುವುದನ್ನು ನಾನಂತೂ ಕೇಳಿಲ್ಲ. 'ಡೇಟಾ ತೆಗೀಬೇಕು', 'ಡೇಟಾ ಸಿಗುತ್ತಾ?' ಇಷ್ಟೇ.

ಆದರೆ ಬೋರ್ಡಿನಲ್ಲಿ 'ಡೇಟಾ ತೆಗೆಯುತ್ತೇವೆ' ಅಂತ ಬರೆದರೆ ಅಳಿಸುತ್ತೇವೆ ಅಂತಲೂ ಓದಿಕೊಳ್ಳಬಹುದು. 'ಕೊಡು' ಸೇರಿಸಿ. 'ತೆಗೆದುಕೊಡುತ್ತೇವೆ' ಅಂದರೆ ಗೊಂದಲ ಇಲ್ಲ. 'ಉಳಿಸಿಕೊಡು' ಬೇಡ, 'ಉಳಿಸು' ಈಗಾಗಲೇ ಸೇವ್‌ಗೆ ಅಂಟಿಕೊಂಡಿದೆ. 'ಮರಳಿಕೆ' ಅಂದರೆ ಯಾರಾದರೂ ಒಂದು ಲೋಡು ಎಷ್ಟು ಅಂತ ಕೇಳಿಯಾರು.

> ಬೂಟು ಕಾಲಿಗೆ ಹಾಕುವಂಥದ್ದು.

ಹೌದು, ಪದ ಬಂದದ್ದೂ ಅಲ್ಲಿಂದಲೇ. ಬೂಟಿನ ಪಟ್ಟಿ ಹಿಡಿದು ತನ್ನನ್ನು ತಾನೇ ಎತ್ತಿಕೊಳ್ಳುವುದು ಅನ್ನುವ ಇಂಗ್ಲಿಷ್ ಮಾತು ಅದು. ಪುಟ್ಟ ಪ್ರೋಗ್ರಾಮ್ ಒಂದು ದೊಡ್ಡದನ್ನು ಎಬ್ಬಿಸುತ್ತೆ. ಹಾಗಾಗಿ ನಮ್ಮ 'ಏಳು' ಚೆನ್ನಾಗಿ ಒಪ್ಪುತ್ತೆ: ಕಂಪ್ಯೂಟರ್ ಏಳ್ತಾ ಇಲ್ಲ. 'ಆನ್ ಆಗದ' ಅನ್ನಬೇಡಿ. ದೀಪ ಹತ್ತಿ, ಫ್ಯಾನು ತಿರುಗಿ, ವಿಂಡೋಸ್ ಮಾತ್ರ ಬರದಿರುವುದು ಬೇರೆ ಕಾಯಿಲೆ.

ಮರು: ಮರು: ಮರು: ಪದ ಬೇಕು

'ಶುರುವಾಗದ' ಅಂದರೆ ಮುಗೀತಲ್ಲ, ಇಷ್ಟು ಉದ್ದ ಯಾಕೆ?

ಮರು: ಮರು: ಮರು: ಮರು: ಪದ ಬೇಕು

ಶುರು ಪಾರಸಿಯಿಂದ ಬಂದದ್ದು. ಅದು ಒಳಗೆ, ಬೂಟ್ ಹೊರಗೆ! ಯಾವ ನ್ಯಾಯ ಸ್ವಾಮಿ?

ಮರು: ಮರು: ಮರು: ಮರು: ಮರು: ಪದ ಬೇಕು

ಶುರು ನಮ್ಮ ಬಾಯಲ್ಲಿ ಪಳಗಿದೆ, ಮೇಜು ಅಲಮಾರುಗಳ ಹಾಗೆ. ಹೊರಗಿನಿಂದ ಬಂದರೂ ಅವು ಕನ್ನಡದ ಕೊನೆ ತೊಟ್ಟುಕೊಂಡಿವೆ. ನಿಮ್ಮ 'ಬೂಟ್' ಇನ್ನೂ ಅರೆ ವ್ಯಂಜನದಲ್ಲೇ ನಿಂತಿದೆ. 'ಬೂಟಾಗು' ಅಂತ ಬರೆಯಿರಿ, ಆಮೇಲೆ ಮಾತಾಡೋಣ. 'ಎಣ್ಣುಕ'ದ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ, ಗಮನಿಸಿದ್ದೇನೆ.

ಮರು: ಪದ ಬೇಕು

ಎಲ್ಲರಿಗೂ ಥ್ಯಾಂಕ್ಸ್. ಬೋರ್ಡಿಗೆ ಹೀಗೆ ಕಳಿಸುತ್ತಿದ್ದೇನೆ: 'ವಿಂಡೋಸ್ ಬರುತ್ತಿಲ್ಲವಾ? ಮೊದಲು ಡೇಟಾ ತೆಗೆದುಕೊಡುತ್ತೇವೆ, ಆಮೇಲೆ ಕಂಪ್ಯೂಟರ್ ಸರಿ ಮಾಡುತ್ತೇವೆ.' ಮೇಜು ಅಲಮಾರಿನ ಜಗಳಕ್ಕೆ ದಯವಿಟ್ಟು ಬೇರೆ ವಿಷಯದ ಸಾಲು ಹಾಕಿಕೊಳ್ಳಿ.