ಬಾವನ ಗಾಡಿ ಬ್ರೇಕ್ ಸದ್ದು

ಬಾವ, ಸ್ವಲ್ಪ ಉದ್ದಾನೇ ಆಗತ್ತೆ, ಪುರಸೊತ್ತಾದಾಗ ನೋಡಿ. ಹಳೇ ವ್ಯಾಗನ್ ಆರ್ ಮುಂದಗಡೆಯಿಂದ ಒಂದೊಂದ್ಸಲ ಕಿರ್ರ್ ಅನ್ನತ್ತೆ, ಗ್ಯಾರೇಜಿಗೆ ತಗೊಂಡೋದ್ರೆ ಸದ್ದೇ ಇಲ್ಲ, ಅವ್ನು ಚಕ್ರಾನೂ ಬಿಚ್ದೆ ನಾಕೂ ಕಡೆ ಬ್ರೇಕ್ ಕೆಲ್ಸ ಮಾಡಿಸ್ಬಿಡಿ ಅಂದ ಅಂತ ಬರ್ದಿದೀರಲ್ಲ, ದುಡ್ಡು ಬಿಚ್ಚೋಕೆ ಮುಂಚೆ ಆ ಸದ್ದು ಯಾವಾಗ ಬರತ್ತೆ ಯಾವಾಗ ನಿಲ್ಲತ್ತೆ ಅಂತ ಗಮನ ಇಟ್ಟು ಕೇಳ್ಕೊಳಿ, ಅರ್ಧ ಉತ್ತರ ಅಲ್ಲೇ ಸಿಗತ್ತೆ.

ಬೆಳಿಗ್ಗೆ ಮೊದಲ ಎರಡ್ಮೂರು ಬ್ರೇಕಿಗೆ ಬಂದು ಸುಮ್ನಾಗ್ಬಿಟ್ರೆ ತಲೆ ಕೆಡಿಸ್ಕೋಬೇಡಿ, ರಾತ್ರಿ ಆಚೆ ನಿಲ್ಸಿದ್ರೆ ಇಬ್ಬನಿಗೆ ಡಿಸ್ಕ್ ಮೇಲೆ, ಅಂದ್ರೆ ಚಕ್ರದ ಜೊತೆ ತಿರುಗೋ ಕಬ್ಬಿಣದ ತಟ್ಟೆ ಮೇಲೆ, ತೆಳ್ಳಗೆ ತುಕ್ಕು ಕೂರತ್ತೆ, ಬ್ರೇಕ್ ಒತ್ತಿದಾಗ ಅದನ್ನ ಎರಡೂ ಕಡೆಯಿಂದ ಹಿಡಿಯೋ ಪ್ಯಾಡೇ ಉಜ್ಜಿ ತೆಗೆಯತ್ತೆ. ಆದ್ರೆ ನೀವು ಹೇಳ್ತಿರೋದು ಸುಮ್ನೆ ಓಡ್ತಿರ್ಬೇಕಾದ್ರೆ ಬರತ್ತೆ, ಬ್ರೇಕ್ ಒತ್ತಿದ್ರೆ ನಿಲ್ಲತ್ತೆ ಅಂತ. ಹಂಗಾದ್ರೆ ನನಗೆ ಮೊದ್ಲು ಅನುಮಾನ ಪ್ಯಾಡ್ ಮೇಲೆ. ಕೆಲವು ಪ್ಯಾಡಲ್ಲಿ ಒಂದು ಚಿಕ್ಕ ಕಬ್ಬಿಣದ ತಗಡು ಇರತ್ತೆ, ಪ್ಯಾಡ್ ಸವೆದ್ಮೇಲೆ ಅದು ಡಿಸ್ಕಿಗೆ ತಾಗಿ ಕಿರುಚೋಕೇ ಅಂತ ಇಟ್ಟಿರ್ತಾರೆ. ಎರಡ್ನೇದು ಪ್ಯಾಡ್ ಹಿಡ್ಕೊಂಡಿರೋ ಕ್ಯಾಲಿಪರ್ ಜಾರೋ ಪಿನ್ನು ಒಣಗಿ ಜಾಮ್ ಆಗಿರ್ಬೋದು, ಬ್ರೇಕ್ ಬಿಟ್ರೂ ಪ್ಯಾಡ್ ಹಿಂದಕ್ಕೆ ಸರಿಯಲ್ಲ. ಬೈಪಾಸಲ್ಲಿ ಜಾಸ್ತಿ ಬ್ರೇಕ್ ಹಾಕ್ದೆ ಒಂದು ರೌಂಡ್ ಹೋಗ್ಬಂದು ಮುಂದಿನ ಎರಡೂ ಚಕ್ರದ ಹತ್ರ ಕೈ ಹಿಡ್ದು ನೋಡಿ, ಮುಟ್ಬೇಡಿ ಸುಡತ್ತೆ, ಒಂದು ಕಡೆ ಮಾತ್ರ ಕಾವು ಹೊಡೀತಿದ್ರೆ ಪಿನ್ನೇ ಇರ್ಬೋದು. ತಿರುವಲ್ಲಿ ಸದ್ದು ಬದಲಾಗಿ ಗೂಂ ಅಂದ್ರೆ ಮಾತ್ರ ಅದು ಬ್ರೇಕ್ ಅಲ್ಲ, ಚಕ್ರದ ಬೇರಿಂಗ್ ಇರ್ಬೋದು.

ಚಕ್ರ ಬಿಚ್ಚಿಸಿ ಒಳಗಡೆ ಪ್ಯಾಡ್ ಕಣ್ಣಾರೆ ನೋಡ್ಬೇಕು ಬಾವ. ರಿಮ್ ಸಂದಿಯಿಂದ ಬಗ್ಗಿ ನೋಡಿ ಚೆನ್ನಾಗಿದೆ ಅಂತಾರೆ, ಕಾಣೋದು ಹೊರಗಿನ ಪ್ಯಾಡ್ ಮಾತ್ರ, ಪಿನ್ ಜಾಮ್ ಆದಾಗ ಸಾಮಾನ್ಯವಾಗಿ ಒಳಗಿನದ್ದೇ ಬೆನ್ನಿನ ಕಬ್ಬಿಣದ ಪ್ಲೇಟಿನ ತನಕ ಸವೆದಿರತ್ತೆ. ಹೊಸದು ಹತ್ತು ಮಿಲಿಮೀಟ್ರು ಹತ್ರ ಇರತ್ತೆ, 3ಕ್ಕೆ ಬಂದಿದ್ರೆ ಎರಡೂ ಕಡೆ ಸೆಟ್ಟಾಗಿ ಹಾಕ್ಸಿ, ಒಂದೇ ಕಡೆ ಹಾಕಿದ್ರೆ ಗಾಡಿ ಎಳೆಯತ್ತೆ. ಬ್ರೇಕ್ ಫ್ಲೂಯಿಡ್ ಸ್ವಲ್ಪ ಇಳಿದಿದ್ರೂ ಅದು ಪ್ಯಾಡ್ ಸವೆದಿರೋ ಗುರುತಿರ್ಬೋದು, ಪ್ಯಾಡ್ ನೋಡ್ದೆ ಸುಮ್ನೆ ತುಂಬಿಸ್ಬೇಡಿ. ಹಿಂದೆ ಡ್ರಮ್ಮು, ನಮ್ ಕ್ರಷರ್ ರೋಡಿನ ಧೂಳು ಕೂತಿರತ್ತೆ, ಬಿಚ್ಚಿ ಒದ್ದೆ ಬಟ್ಟೇಲಿ ಒರೆಸ್ಲಿ, ಬಾಯಲ್ಲಿ ಊದಿದ್ರೆ ಆ ಧೂಳು ಎದೆಗೆ ಹೋಗತ್ತೆ.

ದೊಡ್ಡಪ್ಪ, ನೀವೂ ಇದನ್ನ ಓದ್ತೀರ, ಬೇಜಾರ್ ಮಾಡ್ಕೋಬೇಡಿ, ಸದ್ದು ನಿಲ್ಲೋಕೆ ನೀವು ಹೇಳ್ದಂಗೆ ಬ್ರೇಕಿಗೆ ಆಯಿಲ್ ಹೊಡೆದ್ರೆ ಸದ್ದೂ ನಿಲ್ಲತ್ತೆ ಬ್ರೇಕೂ ನಿಲ್ಲತ್ತೆ. ಗ್ರೀಸ್ ಹಚ್ಚೋದು ಪಿನ್ನಿಗೆ ಮಾತ್ರ, ಅದೂ ಬಿಸಿ ತಡೆಯೋ ಬ್ರೇಕ್ ಗ್ರೀಸು. ಪ್ಯಾಡಿಗೆ ಎಣ್ಣೆ ಬಿದ್ರೆ ಬಿಸಾಕ್ಬೇಕು ಅಷ್ಟೇ.

ಗರಗರ ಅಂತ ಕಬ್ಬಿಣ ಉಜ್ಜೋ ಸದ್ದು ಬಂದ್ರೆ ಗಾಡಿ ಅಲ್ಲೇ ನಿಲ್ಸಿ. ಭಾನುವಾರ ನಂದಿ ಬೆಟ್ಟ ಅಂತಿದ್ಲಲ್ಲ ಅಕ್ಕ, ಪ್ಯಾಡ್ ನೋಡ್ದೆ ಬೇಡ, ಹೋದ್ರೂ ಇಳೀವಾಗ ಸೆಕೆಂಡ್ ಗೇರಲ್ಲೇ ಬನ್ನಿ. ಶನಿವಾರ ನಾನು ಶಿಡ್ಲಘಟ್ಟದಿಂದ ಬರ್ತೀನಿ, ಮೆಕ್ಯಾನಿಕ್‌ನ ಪಕ್ಕದಲ್ಲಿ ಕೂರಿಸ್ಕೊಂಡು ಒಂದು ರೌಂಡ್ ಹಾಕೋಣ, ಜಾಕು ಸ್ಪ್ಯಾನರು ಡಿಕ್ಕಿಲಿ ಇದ್ಯಾ ನೋಡಿಡಿ.