ಅಪ್‌ಡೇಟ್: ಸವೆದ ರೈಫಲ್ ಬ್ಯಾರೆಲ್ ಉಳಿಸಿಕೊಳ್ಳಲು ನಿರ್ಧರಿಸಿದ್ದೇನೆ

ಸೆಕೆಂಡ್ ಹ್ಯಾಂಡ್ ಆಗಿ ಕೊಂಡ .308 ತೋಟಾ ಬಳಸುವ ರೈಫಲ್‌ನ ಬ್ಯಾರೆಲ್ (ನಳಿಕೆ), ತೋಟಾ ಕೂರುವ ಚೇಂಬರ್‌ನ ಮುಂದೆ ಕಪ್ಪಗೆ, ಒರಟಾಗಿ ಕಾಣುತ್ತಿದೆ, ಗುಂಡುಗಳೂ ಚದುರುತ್ತಿವೆ, ಬದಲಿಸಲೇಬೇಕೇ ಎಂದು ಕೇಳಿದ್ದೆ. ಗುಂಡುಗಳು ಒಳಗೆ ಬಿಟ್ಟ ತಾಮ್ರ ಕರಗಿಸುವ ದ್ರಾವಣದಿಂದ ಮೊದಲು ಪೂರ್ತಿ ಶುಚಿಗೊಳಿಸಿ ಎಂದವರಿಗೆ ಮನಃಪೂರ್ವಕ ಕೃತಜ್ಞತೆಗಳು. ಒರೆಸುವ ಬಟ್ಟೆಗೆ, ತಾಮ್ರ ಕರಗುತ್ತಿರುವ ಗುರುತಾದ ನೀಲಿ ಬಣ್ಣ ಹತ್ತುವುದು ನಿಂತ ಮೇಲೆಯೇ ಉಕ್ಕಿನ ನಿಜವಾದ ಸ್ಥಿತಿ ಕಂಡಿತು.

ನಳಿಕೆಯ ಒಳಗನ್ನು ತೋರಿಸುವ ಬೋರ್‌ಸ್ಕೋಪ್‌ನಲ್ಲಿ ನೋಡಿದಾಗ, ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ಏಣು-ಗೀರುಗಳು) ಶುರುವಾಗುವ ಜಾಗದಲ್ಲಿ ಒಣಗಿದ ಕೆರೆಯ ತಳದಂತೆ ಸಣ್ಣ ಬಿರುಕುಗಳ ಜಾಲವಿತ್ತು, ಆದರೆ ಸ್ವಲ್ಪ ಮುಂದಕ್ಕೆ ಹೋದರೆ ಏಣುಗಳ ಅಂಚು ಇನ್ನೂ ಚೂಪಾಗಿಯೇ ಇತ್ತು. ಸುಡುವ ಅನಿಲದ ಹೊಡೆತಕ್ಕೆ ಮೊದಲು ಸವೆಯುವುದು ಈ ಭಾಗವೇ ಆದ್ದರಿಂದ, ನೋಡಲು ಭಯ ಹುಟ್ಟಿಸಿದರೂ ಇಂತಹ ಬಿರುಕುಗಳಿಂದಷ್ಟೇ ಬ್ಯಾರೆಲ್‌ನ ಆಯುಷ್ಯ ಮುಗಿಯಿತೆಂದು ಹೇಳಲಾಗದು. ಎಲ್ಲಾದರೂ ಉಬ್ಬು, ಇಲ್ಲವೇ ಒಳಗೆ ಉಂಗುರದಂತಹ ನೆರಳು ಕಂಡಿದ್ದರೆ ಮಾತೇ ಬೇರೆ, ಆಗ ಒಂದು ಗುಂಡನ್ನೂ ಹಾರಿಸಬಾರದು. ಅಂಥದ್ದೇನೂ ಇಲ್ಲ, ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್‌ನಿಂದ ಚೇಂಬರ್‌ನಲ್ಲಿ ತೋಟಾ ತಡೆದು ನಿಲ್ಲುವ ಜಾಗದವರೆಗಿನ ಅಂತರ) ಕೂಡ ಸರಿಯಿದೆ ಎಂದು ಗನ್‌ಸ್ಮಿತ್ ಗೇಜ್ ಹಾಕಿ ಖಚಿತಪಡಿಸಿದರು.

ಚದುರುವಿಕೆಗೆ ಮುಖ್ಯ ಕಾರಣ ನಳಿಕೆಯ ಬಾಯಂಚಿನಲ್ಲಿದ್ದ ಸಣ್ಣ ನೆಗ್ಗು. ಕ್ರೌನ್ ಎನ್ನುವ ಆ ಬಾಯಂಚನ್ನು ಹೊಸದಾಗಿ ಕತ್ತರಿಸಿದ ಮೇಲೆ 100 ಮೀಟರ್‌ನಲ್ಲಿ ಗುಂಡೇಟುಗಳ ಗುಂಪು ಸ್ಪಷ್ಟವಾಗಿ ಬಿಗಿಯಾಯಿತು. ಗುಂಪು ಮತ್ತೆ ಹರಡತೊಡಗಿದರೆ, ಅಥವಾ ಗುಂಡು ಓರೆಯಾಗಿ ಬಡಿದು ಗುರಿಹಾಳೆಯಲ್ಲಿ ಉದ್ದನೆಯ ತೂತು ಮೂಡಿದರೆ, ಹೊಸ ಬ್ಯಾರೆಲ್ ಹಾಕಿಸುತ್ತೇನೆ.