ಡಿಡಕ್ಟಿಬಲ್‌ಗೆ ‘ಕಡಿತ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಅಕ್ಟೋಬರ್ ಮುಗಿಯುತ್ತ ಬಂತೆಂದರೆ ಇಲ್ಲಿನ ಬಹಳಷ್ಟು ಕಂಪನಿಗಳಲ್ಲಿ ಓಪನ್ ಎನ್‌ರೋಲ್‌ಮೆಂಟ್ ಶುರುವಾಗುತ್ತದೆ. ಮುಂದಿನ ವರ್ಷಕ್ಕೆ ಯಾವ ಆರೋಗ್ಯ ವಿಮೆ, ಹಲ್ಲು ಕಣ್ಣಿನದು ಬೇಕೇ ಬೇಡವೇ, ಸಂಬಳದಿಂದ ಔಷಧೋಪಚಾರಕ್ಕೆಂದು ಎಷ್ಟು ತೆಗೆದಿಡಬೇಕು, ಎಲ್ಲವನ್ನೂ ಎರಡು ಮೂರು ವಾರದೊಳಗೆ ಆರಿಸಿ ಮುಗಿಸಬೇಕು. ಆ ಗಡುವು ದಾಟಿದರೆ ಮದುವೆ, ಹೆರಿಗೆ, ಮನೆಯವರ ಕೆಲಸ ಹೋಗುವುದು ಇಂಥದ್ದೇನಾದರೂ ನಡೆದ ಹೊರತು ಮತ್ತೆ ಬದಲಿಸಲು ಒಂದು ವರ್ಷ ಕಾಯಬೇಕು. ಊರಿನಿಂದ ಹೊಸದಾಗಿ ಬಂದ ಸಂಸಾರಗಳಿಗೆಂದು ನಾವು ನಾಲ್ಕೈದು ಜನ ಸೇರಿ ಕನ್ನಡದಲ್ಲಿ ಎರಡು ಪುಟದ ಕೈಪಿಡಿ ಮಾಡುತ್ತೇವೆ. ಅದರ ಒಂದು ಪದ ನನ್ನ ನಿದ್ದೆ ಕೆಡಿಸಿದೆ.

ಹೋದ ವರ್ಷ ಡಿಡಕ್ಟಿಬಲ್ ಎನ್ನುವುದಕ್ಕೆ ನಾನು ‘ಕಡಿತ’ ಎಂದು ಬರೆದೆ. ಒಂದು ಯೋಜನೆಯಲ್ಲಿ ‘ಕಡಿತ 1,000 ಡಾಲರ್’, ಇನ್ನೊಂದರಲ್ಲಿ ‘ಕಡಿತ 3,400 ಡಾಲರ್’. ಬಸುರಿಯಾಗಿದ್ದ ಒಬ್ಬ ತಂಗಿ ಅದನ್ನು ಓದಿ ಎರಡನೆಯದನ್ನು ಆರಿಸಿಕೊಂಡಳು. ಆಸ್ಪತ್ರೆಯ ಬಿಲ್ಲಿನಲ್ಲಿ 3,400 ಡಾಲರ್ ಕಡಿಮೆಯಾಗುತ್ತದೆ ಅಂದುಕೊಂಡಿದ್ದಳು. ಅವಳು ಓದಿದ್ದರಲ್ಲಿ ತಪ್ಪೇನಿಲ್ಲ. ‘ಬೆಲೆ ಕಡಿತ’, ‘ತೆರಿಗೆ ಕಡಿತ’, ‘ಬಡ್ಡಿ ದರ ಕಡಿತ’ ಎಂದು ಪತ್ರಿಕೆಯಲ್ಲಿ ಓದಿದವರಿಗೆ ಕಡಿತ ಹೆಚ್ಚಿದಷ್ಟೂ ಒಳ್ಳೆಯದೇ. ಇನ್ನೊಬ್ಬರು ಅದೇ ಪದವನ್ನು ‘ವೇತನ ಕಡಿತ’ದ ಅರ್ಥದಲ್ಲಿ ಹಿಡಿದು, ತಿಂಗಳ ಸಂಬಳದಿಂದ ಅಷ್ಟು ಹೋಗುತ್ತದೆ ಎಂದು ಹೆದರಿ ವಿಮೆಯನ್ನೇ ಬಿಡಲು ಹೊರಟಿದ್ದರು. ಒಂದೇ ಪದ ಒಬ್ಬರಿಗೆ ರಿಯಾಯಿತಿಯಾಗಿ, ಇನ್ನೊಬ್ಬರಿಗೆ ದಂಡವಾಗಿ ಕಂಡಿದೆ. ನಿಜವಾದ ಅರ್ಥ ಎರಡೂ ಅಲ್ಲ.

ಆ ಅರ್ಥ ಇಷ್ಟು: ವರ್ಷದಲ್ಲಿ ಮೊದಲು ಬರುವ ಖರ್ಚನ್ನು ಆ ಮೊತ್ತದವರೆಗೆ ನಾವೇ ಭರಿಸಬೇಕು, ವಿಮೆಯವರು ಕೈಹಾಕುವುದು ಅದು ಮುಗಿದ ಮೇಲೆ. 10,000 ಡಾಲರ್ ಬಿಲ್ಲು ಬಂತು, ಡಿಡಕ್ಟಿಬಲ್ 3,400, ಆಮೇಲಿನದರಲ್ಲಿ ನಮ್ಮ ಪಾಲು ಶೇ 20 ಎಂದಿಟ್ಟುಕೊಳ್ಳಿ. ಮೊದಲ 3,400 ನಮ್ಮದು. ಉಳಿದ 6,600ರಲ್ಲಿ ಶೇ 20 ಎಂದರೆ 1,320. ಒಟ್ಟು 4,720 ಡಾಲರ್ ನಮ್ಮ ಮೇಲೆ ಬಿತ್ತು. 2026ಕ್ಕೆ ಎಚ್‌ಎಸ್‌ಎ (ಔಷಧೋಪಚಾರಕ್ಕೆಂದು ಹಣ ಕೂಡಿಡುವ) ಖಾತೆ ತೆರೆಯಲು ಅರ್ಹವಾಗುವ ಯೋಜನೆಗಳಲ್ಲಿ ಡಿಡಕ್ಟಿಬಲ್ ಒಬ್ಬರಿಗೆ ಕನಿಷ್ಠ 1,700, ಕುಟುಂಬಕ್ಕೆ ಕನಿಷ್ಠ 3,400 ಡಾಲರ್ ಇರಬೇಕೆಂದು ಇಲ್ಲಿನ ತೆರಿಗೆ ಇಲಾಖೆಯೇ ಗೊತ್ತುಮಾಡಿದೆ. ಆದ್ದರಿಂದ ಆ ಪದವನ್ನು ತಪ್ಪಾಗಿ ತಿಳಿದರೆ ಆಗುವ ನಷ್ಟ ಸಣ್ಣದಲ್ಲ.

ಉಳಿದ ಪದಗಳಲ್ಲಿ ಇಷ್ಟು ತೊಡಕಿಲ್ಲ. ಪ್ರೀಮಿಯಂಗೆ ‘ಕಂತು’ ಎಂದರೆ ಎಲ್ಐಸಿ ಕಟ್ಟಿದ ಮನೆಯವರಿಗೆಲ್ಲ ತಿಳಿಯುತ್ತದೆ. ಕಂಪನಿ ಕೊಡುವ ಪಾಲಿಗೆ ಇಎಸ್ಐ, ಪಿಎಫ್ ಕಾಗದಗಳಲ್ಲಿ ಬರುವ ‘ವಂತಿಗೆ’ ಚೆನ್ನಾಗಿದೆ. ಓಪನ್ ಎನ್‌ರೋಲ್‌ಮೆಂಟ್‌ಗೆ ‘ಮುಕ್ತ ನೋಂದಣಿ’ ಬೇಡ ಎಂದು ನನ್ನ ವಾದ. ‘ಮುಕ್ತ ವಿಶ್ವವಿದ್ಯಾಲಯ’ ಕೇಳಿದ ಕಿವಿಗೆ ಅದು ‘ಯಾರು ಬೇಕಾದರೂ, ಯಾವಾಗ ಬೇಕಾದರೂ’ ಎಂದು ಕೇಳಿಸುತ್ತದೆ, ಇಲ್ಲಿ ಮುಖ್ಯವಾದುದು ಗಡುವು. ನಮ್ಮೂರಿನಲ್ಲಿ ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಯೋಜನೆಗೆ ಸೇರಲು ‘ನೋಂದಣಿ ಅವಧಿ’ ಎನ್ನುತ್ತಾರೆ, ಕೊನೆಯ ದಿನಾಂಕ ಮುಂದೆ ಹೋಯಿತೇ ಎಂದು ಸೊಸೈಟಿಯಲ್ಲಿ ವಿಚಾರಿಸುತ್ತಾರೆ. ಅದೇ ಪದ ಇಲ್ಲಿಗೂ ಸಾಕು.

‘ಅವಲಂಬಿತರು’ ಮಾತ್ರ ಪ್ರತಿ ವರ್ಷ ಮನಸ್ಸಿಗೆ ನೋವು ತರುತ್ತದೆ. ಬೆಂಗಳೂರಿನ ಎಷ್ಟೋ ಕಂಪನಿಗಳ ವಿಮೆಯಲ್ಲಿ ಅಪ್ಪ ಅಮ್ಮನನ್ನೂ ಸೇರಿಸಬಹುದು. ಇಲ್ಲಿ ಸಾಮಾನ್ಯವಾಗಿ ಗಂಡ ಅಥವಾ ಹೆಂಡತಿ, 26 ತುಂಬುವವರೆಗೆ ಮಕ್ಕಳು, ಅಷ್ಟೇ. ಆರು ತಿಂಗಳಿಗೆ ಬಂದಿರುವ ಅಮ್ಮನ ಹೆಸರು ಯಾವ ಕಾಲಂನಲ್ಲಿ ಬರೆಯಬೇಕು ಎಂದು ಕೇಳುವವರಿಗೆ ‘ಅವರು ಅವಲಂಬಿತರಲ್ಲ’ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಈ ಸಲ ಆ ಪದ ಕೈಬಿಟ್ಟು ‘ವಿಮೆಗೆ ಸೇರಿಸಬಹುದಾದವರು’ ಎಂದು ಹಾಕಿದ್ದೇನೆ.

ಮತ್ತೆ ಡಿಡಕ್ಟಿಬಲ್‌ಗೆ ಬರುತ್ತೇನೆ. ಯಂತ್ರಾನುವಾದ ‘ಕಳೆಯಬಹುದಾದ ಮೊತ್ತ’ ಎಂದು ಕೊಟ್ಟಿತು. ಯಾರು, ಯಾವುದರಿಂದ ಕಳೆಯುವುದು ಎಂಬುದೇ ಅದರಲ್ಲಿಲ್ಲ. ಗೆಳೆಯರೊಬ್ಬರು ‘ಹೊಸ್ತಿಲ ಮೊತ್ತ’ ಎಂದರು. ಅಷ್ಟು ದಾಟಿದ ಮೇಲೆ ವಿಮೆ ಒಳಗೆ ಬರುತ್ತದೆ ಎಂಬ ಚಿತ್ರ ಸೊಗಸಾಗಿದೆ. ಆದರೆ ಹೊಸ್ತಿಲ ಮೇಲೆ ನಿಂತು ಕೊಡಬಾರದು, ತೆಗೆದುಕೊಳ್ಳಬಾರದು ಎಂದು ಕೇಳಿ ಬೆಳೆದವರ ಮುಂದೆ ಹಣದ ಮಾತಿಗೆ ಅದನ್ನು ಜೋಡಿಸಲು ನನಗೆ ಮನಸ್ಸಿಲ್ಲ. ಮೇಲಾಗಿ ಯಾರು ಕೊಡಬೇಕು ಎಂಬುದನ್ನು ಅದೂ ಹೇಳುವುದಿಲ್ಲ.

ಮಾತಿನಲ್ಲಿ ನಾವೆಲ್ಲ ಸಲೀಸಾಗಿ ‘ಕೈಯಿಂದ ಹಾಕಿದೆ’ ಎನ್ನುತ್ತೇವೆ. ‘ಮೊದಲ 3,400 ನೀವು ಕೈಯಿಂದ ಹಾಕಬೇಕು’ ಎಂದು ಆ ತಂಗಿಗೆ ಫೋನಿನಲ್ಲಿ ಹೇಳಿದಾಗ ಒಂದೇ ಸಲಕ್ಕೆ ಅರ್ಥವಾಯಿತು, ಆದರೆ ಅಷ್ಟರಲ್ಲಿ ಗಡುವು ಮುಗಿದಿತ್ತು. ಕೊಡುವವರು ಯಾರು, ಯಾವಾಗ, ಎರಡೂ ಆ ಮಾತಿನಲ್ಲಿವೆ. ತೊಂದರೆಯೆಂದರೆ ಪಟ್ಟಿಯ ತಲೆಬರಹಕ್ಕೆ ಅದರಿಂದ ಒಂದು ನಾಮಪದ ಬೇಕು. ‘ಕೈಖರ್ಚು’ ಎಂದರೆ ಚಿಲ್ಲರೆ ಖರ್ಚಿನ ದುಡ್ಡು, ‘ಕೈಗಡ’ ಎಂದರೆ ಸಾಲ. ‘ಮೊದಲ ಕೈಹಣ’ ಎಂದು ಕಟ್ಟಿ ನೋಡಿದೆ, ಇನ್ನೂ ನಾಲಿಗೆಗೆ ಒಗ್ಗಿಲ್ಲ.

ನಮ್ಮ ಗುಂಪಿನಲ್ಲಿರುವ ಹುಬ್ಬಳ್ಳಿಯವರೊಬ್ಬರು ಇದಕ್ಕೆ ‘ಪದರಿನ ರೊಕ್ಕ’ ಎನ್ನುತ್ತಾರೆ. ಸೆರಗಿನಲ್ಲಿ ಗಂಟುಹಾಕಿಟ್ಟ ಸ್ವಂತದ ಹಣ. ಸ್ವಂತ ಕೈಯಿಂದ ಖರ್ಚು ಮಾಡುವುದಕ್ಕೆ ಮರಾಠಿಯಲ್ಲಿ ಹೇಳುವ ‘ಪದರಮೋಡ್’ ಇದರ ನೆಂಟ ಇರಬೇಕು. ನನಗೆ ಬಹಳ ಹಿಡಿಸಿತು, ಆದರೆ ಮೈಸೂರು, ಮಂಗಳೂರಿನ ಕಡೆಯವರಿಗೆ ‘ಪದರು’ ಎಂದರೆ ಪರೋಟದ ಪದರು ಮಾತ್ರ ಹೊಳೆಯುತ್ತದೇನೋ. ಧಾರವಾಡ, ಬೆಳಗಾವಿ, ವಿಜಯಪುರದವರು ದಯವಿಟ್ಟು ಹೇಳಿ: ಈ ಮಾತು ಮನೆಗಳಲ್ಲಿ ಈಗಲೂ ಬಳಕೆಯಲ್ಲಿದೆಯೇ? ‘ಪದರಿಂದ ಹಾಕುವುದು’ ಎಂದರೆ ಬೇಸರದಿಂದ ಕೊಟ್ಟದ್ದು ಎಂಬ ಧ್ವನಿಯೂ ಇದೆಯೇ, ಅಥವಾ ಸ್ವಂತದ್ದು ಎಂದಷ್ಟೇ ಅರ್ಥವೇ? ವಿಮಾ ಏಜೆಂಟರು, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನವರು ಕನ್ನಡದಲ್ಲಿ ವಿವರಿಸುವಾಗ ಬಳಸುವ ಬೇರೆ ಪದ ಯಾರಾದರೂ ಕೇಳಿದ್ದರೆ ಅದನ್ನೂ ತಿಳಿಸಿ. ಕೈಪಿಡಿ ಅಚ್ಚಿಗೆ ಹೋಗುವುದು ಅಕ್ಟೋಬರ್ 20ಕ್ಕೆ.